ಬಿದಿರೋ, ಮರವೋ, ಕಾರ್ಕೋ? ಮೊದಲು ಅಂಟು ಯಾವುದು ಅಂತ ಕೇಳಿ

ಹೋದ ವರ್ಷ ಒಂದು ಪುಸ್ತಕದ ಕಪಾಟು ತರಿಸಿದೆ. ಬಿದಿರಿನದು. ಡಬ್ಬದ ಮೇಲೆ ಎಲೆ, ಎಲೆ ಪಕ್ಕದಲ್ಲಿ ಭೂಮಿ, ಕೆಳಗೆ ಪ್ರಕೃತಿಗೆ ಹತ್ತಿರ ಅಂತ ಏನೋ ಬರಹ. ಬಿಚ್ಚಿದ ತಕ್ಷಣ ಮೂಗು ಉರಿಯಿತು, ಕಣ್ಣಲ್ಲಿ ನೀರು ಬಂತು. ಮೂರು ವಾರ ಕಿಟಕಿ ತೆಗೆದಿಟ್ಟುಕೊಂಡೇ ಮಲಗಿದ್ದಾಯಿತು. ಆಮೇಲೂ ಕೆಳಗಿನ ಡ್ರಾಯರ್ ಎಳೆದರೆ ಅದೇ ಘಾಟು. ಬಿದಿರಿಗೆ ಅಂಥ ವಾಸನೆ ಎಲ್ಲಿದೆ? ಬಿದಿರಿನ ಪಟ್ಟಿಗಳನ್ನು ಒಂದಕ್ಕೊಂದು ಹಿಡಿದಿಟ್ಟಿದ್ದ ಅಂಟಿನ ವಾಸನೆ ಅದು.

ಅವತ್ತಿನಿಂದ ಮನೆಗೆ ಏನೇ ತರುವುದಿದ್ದರೂ ಎರಡು ಪ್ರಶ್ನೆ ಕೇಳುತ್ತೇನೆ. ಇದನ್ನು ಹಿಡಿದಿಟ್ಟಿರುವುದು ಏನು? ನಾಳೆ ಕೆಟ್ಟರೆ ಬಿಚ್ಚುವುದಕ್ಕೆ ಬರುತ್ತದಾ? ಬಿದಿರು, ಸೆಣಬು, ಕಾರ್ಕು, ಜೇಡಿಮಣ್ಣು, ಹೆಸರು ಕೇಳಿದರೆ ಎಲ್ಲವೂ ಒಳ್ಳೆಯ ಮನೆತನದವೇ. ಆದರೆ ಆ ಹೆಸರು ಮೇಲೆ ಕಾಣುವ ಭಾಗದ್ದು. ಒಳಗಿನ ಅಂಟು, ಹಿಂಬದಿಯ ಪದರ, ಮೇಲೆ ಹಚ್ಚಿದ ಲೇಪ, ಇವುಗಳ ಹೆಸರನ್ನು ಯಾರೂ ಡಬ್ಬದ ಮೇಲೆ ದೊಡ್ಡದಾಗಿ ಬರೆಯುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರಲ್ಲ, ಅದೇ ಮಾತು ಹಸಿರಿಗೂ ಸಲ್ಲುತ್ತದೆ.

ಇರುವುದು, ಹಳೆಯದು, ಹೊಸದು

ಎಲ್ಲಕ್ಕಿಂತ ಮೊದಲು ನೋಡಬೇಕಾದ ಆಯ್ಕೆ ನಿಮ್ಮ ಮನೆಯಲ್ಲೇ ಇದೆ. ಈಗಾಗಲೇ ಇರುವ ಮೇಜನ್ನು ಉಜ್ಜಿ ಎಣ್ಣೆ ಹಚ್ಚಿ ಇಟ್ಟುಕೊಳ್ಳುವುದನ್ನು ಮೀರಿಸುವಂಥ ಪರಿಸರಸ್ನೇಹಿ ಮೇಜು ಯಾವ ಕಾರ್ಖಾನೆಯಲ್ಲೂ ತಯಾರಾಗುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕ ನೋಡಿದರೆ 2018ರ ಒಂದೇ ವರ್ಷದಲ್ಲಿ ಆ ದೇಶದಲ್ಲಿ 1.21 ಕೋಟಿ ಟನ್ ಪೀಠೋಪಕರಣ ಮತ್ತು ಮನೆಸಜ್ಜಿನ ಸಾಮಾನು ಕಸವಾಗಿತ್ತು. ಅದರಲ್ಲಿ ಶೇ 80ರಷ್ಟು ನೇರ ಮಣ್ಣಿನಡಿಗೆ ಹೋಯಿತು. ಮರುಬಳಕೆ ಆಗಿದ್ದು ಲೆಕ್ಕಕ್ಕೇ ಸಿಗದಷ್ಟು ಕಮ್ಮಿ. ಯಾಕೆ ಅಂದರೆ ಚಿಪ್‌ಬೋರ್ಡು, ಫೋಮು, ಬಟ್ಟೆ, ಪ್ಲಾಸ್ಟಿಕ್ಕು ಎಲ್ಲವನ್ನೂ ಅಂಟಿಸಿ ಒಂದು ಮಾಡಿಟ್ಟ ಸೋಫಾವನ್ನು ಬಿಡಿಸುತ್ತಾ ಕೂರುವವರು ಯಾರು?

ಇದಕ್ಕೆ ತದ್ವಿರುದ್ಧವಾದ ಒಂದು ಸಾಮಾನು ಹೇಳುತ್ತೇನೆ. 1859ರಲ್ಲಿ ಮಿಖಾಯೆಲ್ ಥೋನೆಟ್ ಅನ್ನುವ ಪೀಠೋಪಕರಣ ತಯಾರಕ ಹೊರತಂದ 14ನೇ ನಂಬರಿನ ಕುರ್ಚಿ. ಕೆಫೆ ಕುರ್ಚಿ ಅಂತ ನೀವೂ ನೋಡಿರುತ್ತೀರಿ, ಹಬೆಯಲ್ಲಿ ಬಗ್ಗಿಸಿದ ದುಂಡು ಮರ, ಕೂರುವ ಜಾಗಕ್ಕೆ ಬೆತ್ತದ ಹೆಣಿಗೆ. ಒಟ್ಟು ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿ ಜೋಡಿಸಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಒಂದು ಕಾಲು ಮುರಿದರೆ ಆ ಕಾಲನ್ನಷ್ಟೇ ಬದಲಾಯಿಸಿದರಾಯಿತು. ನೂರೈವತ್ತಕ್ಕೂ ಹೆಚ್ಚು ವರ್ಷ ಕಳೆದರೂ ಈ ಕುರ್ಚಿ ಹಳೇ ಫ್ಯಾಶನ್ ಅನ್ನಿಸಿಲ್ಲ. ಟ್ರೆಂಡಿನ ಮಾತು ಬಂದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಇನ್ನು ಸೆಕೆಂಡ್ ಹ್ಯಾಂಡ್ ಸಾಮಾನು. ಒಳ್ಳೆಯ ಗಟ್ಟಿ ಮರ ಕೈಗೆಟುಕುವ ದಾರಿ ಅಂದರೆ ಇದೇ, ಮತ್ತೆ ಹಳೆಯ ಒಂದು ವಸ್ತು ಕೋಣೆಗೆ ಕೊಡುವ ಕಳೆಯನ್ನು ಹೊಸ ಸೆಟ್ಟು ಪೂರ್ತಿ ತಂದರೂ ಕೊಡುವುದಿಲ್ಲ. ಆದರೆ ಮುಂಭಾಗ ನೋಡಿ ಮರುಳಾಗಬೇಡಿ. ಡ್ರಾಯರನ್ನು ಪೂರ್ತಿ ಹೊರಗೆಳೆದು ತಲೆಕೆಳಗು ಮಾಡಿ. ಮೂಲೆಯಲ್ಲಿ ಬೆರಳು ಹೆಣೆದ ಹಾಗೆ ಮರಕ್ಕೆ ಮರ ಕೂತಿದ್ದರೆ ಅದು ಇನ್ನೊಂದು ತಲೆಮಾರು ಬಾಳುತ್ತದೆ. ಸ್ಟೇಪಲ್ ಪಿನ್ನು, ಒಣಗಿದ ಅಂಟಿನ ಗುಡ್ಡೆ ಕಂಡರೆ ಬಿಟ್ಟು ಬನ್ನಿ. ಸಣ್ಣ ತೂತುಗಳ ಕೆಳಗೆ ಹಿಟ್ಟಿನಂಥ ಪುಡಿ ಉದುರಿದೆಯಾ ನೋಡಿ. ಪುಡಿ ಹೊಸದಾಗಿದ್ದರೆ ಹುಳ ಇನ್ನೂ ಒಳಗೆ ಊಟ ಮಾಡುತ್ತಿದೆ ಅಂತಲೇ ಅರ್ಥ. ಹಳೇ ಬಣ್ಣದ ಸಾಮಾನಿನ ಬಗ್ಗೆ ಮಾತ್ರ ಹುಷಾರು. ಹಿಂದೆ ಬಣ್ಣಕ್ಕೆ ಸೀಸ ಹಾಕುವುದು ಸಾಮಾನ್ಯವಾಗಿತ್ತು, ಅಮೆರಿಕದಲ್ಲಿ ಮನೆ ಬಣ್ಣಕ್ಕೆ ಅದನ್ನು ನಿಷೇಧಿಸಿದ್ದೇ 1978ರಲ್ಲಿ. ಅಂಥ ಬಣ್ಣವನ್ನು ಒಣಗಿದ್ದ ಹಾಗೇ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದರೆ ಧೂಳೆಲ್ಲ ಮನೆಯೊಳಗೆ. ಮಕ್ಕಳಿರುವ ಮನೆಯಲ್ಲಿ ಈ ಸಾಹಸ ಬೇಡವೇ ಬೇಡ. ಸೋಫಾ ಆದರೆ ಚೌಕಟ್ಟು ಗಟ್ಟಿ ಇದ್ದಾಗ ಮಾತ್ರ ತಗೊಳ್ಳಿ, ಒಳಗಿನ ಫೋಮು ಬಟ್ಟೆ ಎರಡನ್ನೂ ಹೊಸದು ಹಾಕಿಸಿ.

ಮರ ಅಂತ ಮಾರುವ ನಾಲ್ಕೈದು ಬಗೆ

ಹೊಸದೇ ಬೇಕು ಅಂದಾಗ ಎದುರಾಗುವವು ಇಷ್ಟು: ಗಟ್ಟಿ ಮರ, ಪ್ಲೈವುಡ್, ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡ್, ಬಿದಿರು, ಬೆತ್ತ.

ಗಟ್ಟಿ ಮರದಲ್ಲಿ ಅಂಟಿನ ತಲೆಬಿಸಿ ಕಮ್ಮಿ. ಅಲ್ಲಿ ಕೇಳಬೇಕಾದ್ದು ಮರ ಎಲ್ಲಿಂದ ಬಂತು ಅಂತ. ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡು ಕಡಿದ ಮರ ಅಂತ ಹೇಳುವ ಎಫ್‌ಎಸ್‌ಸಿ ಅನ್ನುವ ಮುದ್ರೆ ನೋಡಿರಬಹುದು, ಆ ಸಂಸ್ಥೆ ಶುರುವಾಗಿದ್ದು 1993ರಲ್ಲಿ. ಮುದ್ರೆಯಲ್ಲಿ ಮೂರು ಬಗೆ ಇದೆ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ‘100%’ ಅಂತಿದ್ದರೆ ಪೂರ್ತಿ ಮರ ಪ್ರಮಾಣಿತ ಕಾಡಿನದು. ‘ಮಿಕ್ಸ್’ ಅಂದರೆ ಪ್ರಮಾಣಿತ ಕಾಡಿನ ಮರದ ಜೊತೆಗೆ ಬೇರೆ ಕಡೆಯದೂ ಬೆರೆತಿದೆ. ‘ರಿಸೈಕಲ್ಡ್’ ಅಂದರೆ ಮರುಬಳಕೆಯದು. ಮಿಕ್ಸ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಆದರೆ ಮಿಕ್ಸ್ ತೋರಿಸಿ ನೂರಕ್ಕೆ ನೂರು ಅಂತ ಹೇಳಿದರೆ ನಂಬಬೇಡಿ.

ಪ್ಲೈವುಡ್ ಮತ್ತು ಎಂಡಿಎಫ್ ಪೂರ್ತಿ ಅಂಟಿನದೇ ಕತೆ. ಒಂದು ತೆಳು ಮರದ ಹಾಳೆಗಳನ್ನು ಅಂಟಿಸಿದ್ದು, ಇನ್ನೊಂದು ಮರದ ನಾರನ್ನು ಅಂಟಿನಲ್ಲಿ ಕಲಸಿ ಒತ್ತಿದ್ದು, ಪಾರ್ಟಿಕಲ್ ಬೋರ್ಡ್ ಆದರೆ ನಾರಿನ ಬದಲು ಮರದ ಚೂರು. ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ಯೂರಿಯಾ ಫಾರ್ಮಾಲ್ಡಿಹೈಡ್. ಬಿಸಿ ಮತ್ತು ತೇವ ಹೆಚ್ಚಿದಷ್ಟೂ ಅದರಿಂದ ಫಾರ್ಮಾಲ್ಡಿಹೈಡ್ ಅನಿಲ ಜಾಸ್ತಿ ಹೊರಬರುತ್ತದೆ. ಕ್ಯಾನ್ಸರ್ ಕುರಿತ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ 2004ರಲ್ಲೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೆದರಿಕೊಂಡು ಮನೆಯಲ್ಲಿರುವ ಕಪಾಟನ್ನೆಲ್ಲ ಬೀದಿಗೆ ಹಾಕಬೇಕಾಗಿಲ್ಲ, ಹೊಸದರಲ್ಲಿ ಹೆಚ್ಚು ಬಿಟ್ಟು ಬರಬರುತ್ತಾ ಕಮ್ಮಿಯಾಗುತ್ತದೆ. ಹೊಸದಾಗಿ ಕೊಳ್ಳುವಾಗ ಮಾತ್ರ ಅನಿಲ ಎಷ್ಟು ಬಿಡುತ್ತದೆ ಅನ್ನುವುದರ ದರ್ಜೆ ಕೇಳಿ. ಯುರೋಪಿನ ಇ1 ದರ್ಜೆಯ ಮಿತಿ 0.1 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅನಿಲದ ಪಾಲು). ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಗಟ್ಟಿ ಮರದ ಪ್ಲೈವುಡ್ಡಿಗೆ 0.05, ಪಾರ್ಟಿಕಲ್ ಬೋರ್ಡಿಗೆ 0.09, ಎಂಡಿಎಫ್‌ಗೆ 0.11. ಎರಡೂ ಕಡೆ ಅಳೆಯುವ ವಿಧಾನ ಬೇರೆ, ಹಾಗಾಗಿ ಅಂಕಿಗೆ ಅಂಕಿ ಹೋಲಿಸಬೇಡಿ. ಆದರೂ ಆ ಪಟ್ಟಿಯಿಂದ ಒಂದು ಸಂಗತಿ ಗೊತ್ತಾಗುತ್ತದೆ: ನಿಯಮ ಪಾಲಿಸಿದ ಎಂಡಿಎಫ್‌ ಕೂಡ ನಿಯಮ ಪಾಲಿಸಿದ ಪ್ಲೈವುಡ್ಡಿನ ಎರಡು ಪಟ್ಟು ಬಿಡಬಹುದು. ಮಲಗುವ ಕೋಣೆಗೆ, ಅದರಲ್ಲೂ ಮಗುವಿನ ಕೋಣೆಗೆ ನಾನಾದರೆ ಫಾರ್ಮಾಲ್ಡಿಹೈಡ್ ಸೇರಿಸದ ಅಂಟಿನ ಪ್ಲೈವುಡ್ಡನ್ನೇ ಆರಿಸುತ್ತೇನೆ. ಇನ್ನೊಂದು ಮಾತು. ಬೋರ್ಡಿನ ಮುಖಕ್ಕೆ ಲ್ಯಾಮಿನೇಟ್ ಹಾಕಿ, ಅಂಚು ಮತ್ತು ಹಿಂಭಾಗವನ್ನು ಹಾಗೇ ಬಿಟ್ಟಿರುತ್ತಾರೆ. ಅನಿಲ ಸುಲಭವಾಗಿ ಹೊರಬರುವುದೇ ಆ ಬರಿ ಅಂಚಿನಿಂದ. ಒಂದು ಪಟ್ಟಿ ಎಡ್ಜ್ ಬ್ಯಾಂಡ್ ಹಾಕಿಸಿದರೆ ತುಂಬಾ ವ್ಯತ್ಯಾಸ ಆಗುತ್ತದೆ, ತೇವವೂ ಒಳಗೆ ಹೋಗುವುದಿಲ್ಲ.

ಬಿದಿರು ಬೆಳೆಯುವ ವೇಗ ನಿಜಕ್ಕೂ ದೊಡ್ಡ ಗುಣ. ನಾಲ್ಕೈದು ವರ್ಷಕ್ಕೆ ಕಡಿಯಬಹುದು, ಬುಡದಿಂದ ಮತ್ತೆ ತಾನಾಗೇ ಚಿಗುರುತ್ತದೆ. ಆದರೆ ಬಿದಿರಿನ ಹಲಗೆ ಅಂತ ಗಿಡದಲ್ಲಿ ಬೆಳೆಯುವುದಿಲ್ಲ ಅಲ್ವಾ? ಟೊಳ್ಳು ಕೊಳವೆಯನ್ನು ಸೀಳಿ, ಪಟ್ಟಿ ಮಾಡಿ, ಕುದಿಸಿ, ಒಣಗಿಸಿ, ಅಂಟಿಸಿ ಒತ್ತಬೇಕು. ಬಿದಿರಿನ ಎಳೆಗಳನ್ನು ರಾಳದ ಅಂಟಿನಲ್ಲಿ ಅದ್ದಿ ಒತ್ತಿದ ಸ್ಟ್ರ್ಯಾಂಡ್ ವೋವನ್ ಅನ್ನುವ ಬಗೆ ಬಹಳ ಗಟ್ಟಿ, ನೆಲಕ್ಕೆ ಚೆನ್ನಾಗಿ ಬಾಳುತ್ತದೆ. ಅದರಲ್ಲಿ ರಾಳದ ಪಾಲೂ ಹೆಚ್ಚು. ಫೀನಾಲ್ ಬೆರೆತ ರಾಳವಾದರೆ ಅನಿಲ ಬಿಡುವುದು ಯೂರಿಯಾ ಅಂಟಿಗಿಂತ ಕಮ್ಮಿ. ನನ್ನ ಕಪಾಟಿನದು ಯಾವ ಅಂಟು ಅಂತ ಮಾರಿದವರನ್ನು ಕೇಳಿದೆ. ‘ಸಾರ್, ಇದು ನ್ಯಾಚುರಲ್’ ಅಂದರು. ಎರಡನೇ ಸಲ ಕೇಳಿದಾಗಲೂ ಅದನ್ನೇ ಅಂದರು.

ಬೆತ್ತ ನನಗೆ ಅಚ್ಚುಮೆಚ್ಚು. ಅದು ಕಾಡಿನ ಮರಗಳನ್ನು ಅಪ್ಪಿಕೊಂಡು ಬೆಳೆಯುವ ಬಳ್ಳಿ, ಮರ ನಿಂತಿದ್ದರೆ ಮಾತ್ರ ಬೆತ್ತ. ಹೆಣೆಯುವುದಕ್ಕೆ ಅಂಟು ಬೇಕಿಲ್ಲ. ಕೂತು ಕೂತು ಹೆಣಿಗೆ ಜೋಲು ಬಿದ್ದರೆ ಕುರ್ಚಿ ಮಗುಚಿ, ಕೆಳಭಾಗಕ್ಕೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಹಾಸಿ ಚೆನ್ನಾಗಿ ನೆನೆಸಿ, ರಾತ್ರಿಯಿಡೀ ಒಣಗಲು ಬಿಡಿ, ಯಾರೂ ಕೂರದ ಹಾಗೆ ನೋಡಿಕೊಳ್ಳಿ. ಬೆಳಿಗ್ಗೆ ತಟ್ಟಿದರೆ ತಮಟೆಯ ಹಾಗೆ ಬಿಗಿಯಾಗಿರುತ್ತದೆ. ಹರಿದಿದ್ದರೆ ಇದು ನಡೆಯುವುದಿಲ್ಲ, ಹೊಸದಾಗಿ ಹೆಣೆಸಬೇಕು. ಹೊರಾಂಗಣದ ‘ಬೆತ್ತ’ ಅಂತ ಮಾರುವುದರಲ್ಲಿ ಬಹಳಷ್ಟು ಪಾಲಿಎಥಿಲೀನ್ ಪ್ಲಾಸ್ಟಿಕ್. ಬಿಸಿಲು ಮಳೆಗೆ ಅದೇ ಸರಿ, ನಿಜವಾದ ಬೆತ್ತ ಹೊರಗಿಟ್ಟರೆ ಹಾಳು. ಆದರೆ ಪ್ಲಾಸ್ಟಿಕ್ ಅಂತ ಗೊತ್ತಿದ್ದು ತಗೊಳ್ಳಿ.

ಎಪಾಕ್ಸಿ ಅನ್ನುವ ದ್ರವ ಪ್ಲಾಸ್ಟಿಕ್ ಸುರಿದು ನದಿಯ ಹಾಗೆ ಮಾಡುವ ಮೇಜು ಇದೆಯಲ್ಲ, ನೋಡಲು ಚೆಂದ, ಒಪ್ಪಿದೆ. ಒಳ್ಳೆಯ ಮರವನ್ನು ಮತ್ತೆ ಯಾವತ್ತೂ ಬಿಡಿಸಲಾಗದ ಪ್ಲಾಸ್ಟಿಕ್ಕಿನಲ್ಲಿ ಹೂಳುವುದು ನನಗಂತೂ ಹಿಡಿಸುವುದಿಲ್ಲ.

ಗೋಡೆ

ಇಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಈಗ ಎಲ್ಲರ ಕಣ್ಣು ಲೈಮ್‌ವಾಶ್ ಮೇಲೆ. ನಮ್ಮ ಮಾತಲ್ಲಿ ಸುಣ್ಣ, ಬಣ್ಣ ಬೆರೆಸಿದ ಸುಣ್ಣ. ಮೋಡ ಹರಡಿದ ಹಾಗೆ ಒಂದು ಕಡೆ ದಟ್ಟ, ಒಂದು ಕಡೆ ತೆಳು, ಸಂಜೆ ಬೆಳಕು ಬಿದ್ದರೆ ಗೋಡೆಯೇ ಉಸಿರಾಡುತ್ತಿದೆ ಅನ್ನಿಸುತ್ತದೆ. ಅದರ ಪಕ್ಕ ಮಾಮೂಲಿ ಎಮಲ್ಷನ್ ಇಟ್ಟರೆ ಸಪ್ಪೆ. ನಾನೂ ಮನಸೋತು, ಒಂದು ಭಾನುವಾರ ಪೂರ್ತಿ ಅಗಲ ಬ್ರಶ್ಶಿನಲ್ಲಿ ಅಡ್ಡಾದಿಡ್ಡಿ ಎಳೆದು ಮೂರು ಕೋಟು ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ಸೊಗಸು. ಎರಡು ವಾರಕ್ಕೆ ಒರಗಿ ಕೂತವರ ಹೆಗಲಿನ ಮೇಲೆಲ್ಲ ಬಿಳಿ ಪುಡಿ. ಮೂರನೇ ವಾರ ಕುರ್ಚಿಯ ಹಿಂದೆ ಅಂಗೈ ಅಗಲದ ಒಂದು ಚಕ್ಕೆ ಕಳಚಿ ಬಿತ್ತು. ಎತ್ತಿ ನೋಡಿದೆ. ಮುಂಭಾಗ ಮೋಡ, ಹಿಂಭಾಗ ಕನ್ನಡಿಯ ಹಾಗೆ ನುಣುಪು. ಅಲ್ಲೇ ಗೊತ್ತಾಯಿತು ತಪ್ಪು ಎಲ್ಲಿ ಅಂತ.

ಸುಣ್ಣಕ್ಕೆ ಗೋಡೆ ಹೀರಬೇಕು. ಸುಣ್ಣದ ನೀರು ಗಾರೆಯೊಳಗೆ ಇಳಿದು, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಮತ್ತೆ ಸುಣ್ಣದ ಕಲ್ಲಾಗಿ ಗಟ್ಟಿಯಾಗುತ್ತದೆ. ಅದಕ್ಕೆ ಬೇರೆ ಅಂಟು ಬೇಡ, ಅದೇ ಅಂಟು. ನನ್ನ ಗೋಡೆಯ ಮೇಲೆ ಮೊದಲೇ ಪ್ಲಾಸ್ಟಿಕ್ ಎಮಲ್ಷನ್ ಇತ್ತು. ಕೊಡೆಯ ಬಟ್ಟೆಯ ಮೇಲೆ ಸುಣ್ಣ ಹೊಡೆದ ಹಾಗಾಯಿತು. ನೀವು ಶುರು ಮಾಡುವ ಮೊದಲು ಒಂದು ಹಿಡಿ ನೀರು ಗೋಡೆಗೆ ಚಿಮುಕಿಸಿ. ಗೋಡೆ ಕಪ್ಪಾಗಿ ನೀರು ಹೀರಿದರೆ ಸುಣ್ಣ ನಿಲ್ಲುತ್ತದೆ. ಹನಿ ಹನಿಯಾಗಿ ಕೆಳಗೆ ಜಾರಿದರೆ ಹಳೇ ಬಣ್ಣ ಕೆರೆದು ತೆಗೆಯಬೇಕು, ಇಲ್ಲವೇ ಸುಣ್ಣ ಹಿಡಿಯುವ ಮಿನರಲ್ ಪ್ರೈಮರ್ ಬೇಕು. ‘ಲೈಮ್‌ವಾಶ್ ಎಫೆಕ್ಟ್’ ಅಂತ ಒಂದು ಡಬ್ಬ ಸಿಗುತ್ತದೆ. ಎಫೆಕ್ಟ್ ಅನ್ನುವ ಪದ ಕಂಡರೆ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಬಣ್ಣ ಅಂತ ಓದಿಕೊಳ್ಳಿ. ಮತ್ತೆ, ಹಸಿ ಸುಣ್ಣ ಸುಡುತ್ತದೆ, ಕನ್ನಡಕ ಕೈಗವಸು ಇಲ್ಲದೆ ಕೈ ಹಾಕಬೇಡಿ.

ಸುಣ್ಣ ಗಾಳಿಯಲ್ಲಿನ ಇಂಗಾಲ ಹೀರುತ್ತದೆ ಅನ್ನುವ ಜಾಹೀರಾತು ಅರ್ಧ ಸತ್ಯ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟಾಗ ಹೊರಬಿದ್ದದ್ದನ್ನೇ ಅದು ವಾಪಸ್ ತಗೊಳ್ಳುವುದು. ಸುಡಲು ಉರಿಸಿದ ಇಂಧನದ ಹೊಗೆ ವಾಪಸ್ ಬರುವುದಿಲ್ಲ.

ಜೇಡಿಮಣ್ಣಿನ ಪ್ಲಾಸ್ಟರ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಸುಡುವುದೇ ಇಲ್ಲ, ಮಣ್ಣು, ಮರಳು, ನಾರು ಕಲಸಿ ಮೆತ್ತಿ ಒಣಗಿಸುವುದು ಅಷ್ಟೇ. ಗಾಳಿಯಲ್ಲಿ ತೇವ ಹೆಚ್ಚಾದರೆ ಹೀರಿ, ಕಮ್ಮಿಯಾದರೆ ಬಿಡುತ್ತದೆ. ಗೀರು ಬಿದ್ದರೆ ಒದ್ದೆ ಸ್ಪಂಜಿನಲ್ಲಿ ದುಂಡಗೆ ತಿಕ್ಕಿದರೆ ಮುಚ್ಚಿಹೋಗುತ್ತದೆ, ಯಾವ ಡಬ್ಬವನ್ನೂ ತರಬೇಕಾಗಿಲ್ಲ. ಅದೇ ಗುಣವೇ ದೋಷವೂ ಹೌದು: ನೀರು ಎರಚುವ ಜಾಗದಲ್ಲಿ ಕರಗುತ್ತದೆ. ಸಿಂಕಿನ ಹಿಂದೆ, ಸ್ನಾನದ ಮನೆಯಲ್ಲಿ ಬೇಡ. ಮಲಗುವ ಕೋಣೆಯ ತಲೆಗಡೆ ಗೋಡೆಗೆ ಇದಕ್ಕಿಂತ ಚೆಂದದ್ದು ನಾನು ನೋಡಿಲ್ಲ.

ಆದರೂ ಬಹಳಷ್ಟು ಮನೆಗಳಿಗೆ ಒಳ್ಳೆಯ ಎಮಲ್ಷನ್ನೇ ಸರಿ. ಒರೆಸಬಹುದು, ಯಾರು ಬೇಕಾದರೂ ಹಚ್ಚಬಹುದು. ಅಲ್ಲಿ ನೋಡಬೇಕಾದ್ದು ವಿಒಸಿ, ಅಂದರೆ ಬಣ್ಣ ಒಣಗುವಾಗ ಗಾಳಿಗೆ ಸೇರುವ ರಾಸಾಯನಿಕ ಆವಿ. ಒಳಗೋಡೆಯ ನೀರಿನ ಮ್ಯಾಟ್ ಬಣ್ಣಕ್ಕೆ ಯುರೋಪಿನಲ್ಲಿ 2010ರಿಂದ ಇರುವ ಮಿತಿ ಲೀಟರಿಗೆ 30 ಗ್ರಾಂ. ಜೀರೋ ವಿಒಸಿ ಅಂತ ಬರೆದಿದ್ದರೂ ಪೂರ್ತಿ ಸೊನ್ನೆ ಇರುವುದಿಲ್ಲ, ಸಾಮಾನ್ಯವಾಗಿ ಲೀಟರಿಗೆ 5 ಗ್ರಾಂಗಿಂತ ಕಮ್ಮಿ ಅಂತ ಅರ್ಥ. ಆ ಅಂಕಿ ಬಿಳಿ ಬೇಸಿನದು ಅನ್ನುವುದನ್ನು ಮರೆಯಬೇಡಿ. ಗಾಢ ಬಣ್ಣ ಬೇಕು ಅಂತ ಮಿಷಿನ್ನಿನಲ್ಲಿ ಟಿಂಟ್ ಬೆರೆಸಿದಾಗ ಅಂಕಿ ಏರಬಹುದು. ಕಡು ಹಸಿರು, ಇಟ್ಟಿಗೆ ಕೆಂಪು ಆರಿಸುವವರು ಟಿಂಟ್ ಕೂಡ ಕಮ್ಮಿ ವಿಒಸಿಯದಾ ಅಂತ ಕೇಳಿ.

ವಾಲ್‌ಪೇಪರಿನಲ್ಲಿ ಕಾಗದದ್ದು ಮತ್ತು ಹಿಟ್ಟಿನ ಗೋಂದು ಒಳ್ಳೆಯ ಜೋಡಿ. ಸುಲಿದು ಅಂಟಿಸುವ ಸ್ಟಿಕ್ಕರ್ ಮಾದರಿಯಲ್ಲಿ ಹೆಚ್ಚಿನವು ವಿನೈಲ್, ಅಂದರೆ ಪ್ಲಾಸ್ಟಿಕ್. ಇನ್ನು ಎಲ್ಲೆಲ್ಲೂ ಕಾಣುವ ಉದ್ದ ಗೆರೆಯ ಫ್ಲೂಟೆಡ್ ಪ್ಯಾನೆಲ್ಲು: ಒಂದು ಬಗೆ ಪಿವಿಸಿ, ಇನ್ನೊಂದು ಎಂಡಿಎಫ್ ಪಟ್ಟಿಯ ಹಿಂದೆ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಫೆಲ್ಟ್, ಮತ್ತೊಂದು ಗಟ್ಟಿ ಮರ. ಎರಡನೆಯದು ಸದ್ದನ್ನು ಚೆನ್ನಾಗಿ ಹೀರುತ್ತದೆ, ಆ ಕಾರಣಕ್ಕೆ ಬೇಕಿದ್ದರೆ ಹಾಕಿಸಿ. ಆದರೆ ಸ್ಕ್ರೂ ಹೊಡೆಸಿ. ಗೋಡೆಗೆ ಅಂಟಿಸಿದರೆ ಐದು ವರ್ಷಕ್ಕೆ ಬೇಜಾರಾದಾಗ ಪ್ಯಾನೆಲ್ಲಿನ ಜೊತೆ ಗಾರೆಯೂ ಕಿತ್ತು ಬರುತ್ತದೆ.

ಕಾಲ ಕೆಳಗೆ

ನೆಲಹಾಸಿನಲ್ಲಿ ಜನ ಬೆರೆಸಿಕೊಳ್ಳುವುದು ವಿನೈಲ್ ಮತ್ತು ಲಿನೋಲಿಯಂ. ಕಣ್ಣಿಗೆ ಎರಡೂ ಅಣ್ಣತಮ್ಮಂದಿರು, ಹುಟ್ಟು ಮಾತ್ರ ಬೇರೆ ಬೇರೆ. ವಿನೈಲ್ ಪಿವಿಸಿ ಪ್ಲಾಸ್ಟಿಕ್. ಲಿನೋಲಿಯಂಗೆ ಫ್ರೆಡರಿಕ್ ವಾಲ್ಟನ್ 1863ರಲ್ಲಿ ಪೇಟೆಂಟ್ ಪಡೆದ. ಅಗಸೆ ಎಣ್ಣೆ, ಪೈನ್ ಮರದ ರಾಳ, ಕಾರ್ಕಿನ ಪುಡಿ, ಮರದ ಪುಡಿ, ಕೆಳಗೆ ಸೆಣಬಿನ ಬಟ್ಟೆ. ಇಲ್ಲಿ ಅಂಟೂ ಗಿಡದ್ದೇ. ಹೊಸದು ಹಾಸಿದಾಗ ಎಣ್ಣೆಯ ವಾಸನೆ ಇರುತ್ತದೆ, ಸ್ವಲ್ಪ ಹಳದಿಯಾಗೂ ಕಾಣುತ್ತದೆ. ಬೆಳಕು ಬಿದ್ದ ಮೇಲೆ ಹಳದಿ ಹೋಗಿ ನಿಜವಾದ ಬಣ್ಣ ಬರುತ್ತದೆ, ಗಾಬರಿಯಾಗಿ ವಾಪಸ್ ಕಳಿಸಬೇಡಿ. ನೀರು ನಿಲ್ಲುವ ಜಾಗದಲ್ಲಿ ಜೋಡಣೆಯ ಸಂದಿನಿಂದ ಉಬ್ಬುತ್ತದೆ. ಅಂಥ ಕಡೆ ವಿನೈಲಿಗೇ ಅನುಕೂಲ ಜಾಸ್ತಿ ಅನ್ನುವುದನ್ನೂ ಒಪ್ಪಿಕೊಳ್ಳಬೇಕು. ನನ್ನ ಮಟ್ಟಿಗೆ ಅಲ್ಲಿ ಟೈಲ್ ಇನ್ನೂ ವಾಸಿ.

ಕಾರ್ಕ್ ಬರಿಗಾಲಲ್ಲಿ ಓಡಾಡುವವರಿಗೆ. ಬೆಚ್ಚಗೆ, ಮೆತ್ತಗೆ, ಸದ್ದಿಲ್ಲ. ಒಂದು ಜಾತಿಯ ಓಕ್ ಮರದ ತೊಗಟೆ ಅದು, ಮರ ಕಡಿಯುವುದಿಲ್ಲ. ಮರಕ್ಕೆ ಸುಮಾರು 25 ವರ್ಷ ಆದ ಮೇಲೆ ಮೊದಲ ಸಲ ಸುಲಿಯುತ್ತಾರೆ, ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಜಗತ್ತಿನ ಕಾರ್ಕಿನಲ್ಲಿ ಹೆಚ್ಚುಕಮ್ಮಿ ಅರ್ಧ ಪೋರ್ಚುಗಲ್‌ನಿಂದಲೇ ಬರುತ್ತದೆ. ಭಾರದ ಮಂಚದ ಕಾಲು ಕೆಳಗೆ ಗುಳಿ ಬೀಳುತ್ತದೆ, ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ. ನಾಯಿ ಬೆಕ್ಕಿನ ಉಗುರಿಗೂ ಅಷ್ಟಕ್ಕಷ್ಟೆ.

ಜಮಖಾನದಲ್ಲಿ ಸೆಣಬಿನ ರಗ್ಗಿಗೆ ಈಗ ಎಲ್ಲಿಲ್ಲದ ಬೇಡಿಕೆ. ಕೊಳ್ಳುವ ಮೊದಲು ಮಗುಚಿ ನೋಡಿ. ಹಿಂದೆ ಹಳದಿ ರಬ್ಬರಿನಂಥ ಪದರ ಇದೆಯಾ? ಅದು ಸಾಮಾನ್ಯವಾಗಿ ಲ್ಯಾಟೆಕ್ಸ್, ಹೆಚ್ಚಿನ ಸಲ ಕೃತಕದ್ದು. ಕೆಲವು ವರ್ಷಕ್ಕೆ ಒಣಗಿ ಪುಡಿಯಾಗಿ ನೆಲಕ್ಕೆ ಅಂಟುತ್ತದೆ. ಹೆಣೆದು ಹೊಲಿದ ರಗ್ಗಿಗೆ ಹಿಂದೆ ಮುಂದೆ ಎರಡೂ ಒಂದೇ, ಅಂಥದ್ದು ತಗೊಳ್ಳಿ. ಸೆಣಬಿಗೆ ನೀರು ಆಗುವುದಿಲ್ಲ, ಒಂದು ಲೋಟ ಚೆಲ್ಲಿದರೂ ಕಂದು ಕಲೆ ಉಳಿಯುತ್ತದೆ. ಊಟದ ಮೇಜಿನ ಕೆಳಗೆ ಹಾಸಿ ಪಶ್ಚಾತ್ತಾಪ ಪಡಬೇಡಿ. ಅಲ್ಲಿಗೆ ಒಗೆಯಬಹುದಾದ ಹತ್ತಿ. ಉಣ್ಣೆ ದುಬಾರಿ, ಮೊದಮೊದಲು ಕೂದಲು ಉದುರಿಸುತ್ತದೆ, ಆದರೆ ಬೇಗ ಬೆಂಕಿ ಹಿಡಿಯುವುದಿಲ್ಲ, ಕೊಳೆಯನ್ನೂ ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಚೆನ್ನಾಗಿ ನೋಡಿಕೊಂಡರೆ ದಶಕಗಟ್ಟಲೆ ಬರುತ್ತದೆ. ಬಾಟಲಿ ಪ್ಲಾಸ್ಟಿಕ್ಕಿನ ರಗ್ಗು ಬಾಲ್ಕನಿಗೆ ಸರಿ.

ಬಟ್ಟೆ, ದೀಪ, ಗಿಡ

ಪರದೆ ಮತ್ತು ಹಾಸಿಗೆ ಬಟ್ಟೆಯಲ್ಲಿ ಪೈಪೋಟಿ ಲಿನನ್ ಮತ್ತು ಹತ್ತಿಯ ನಡುವೆ. ಒಂದು ಕಿಲೋ ಹತ್ತಿ ಬಟ್ಟೆಗೆ ಜಾಗತಿಕ ಸರಾಸರಿ ಸುಮಾರು 10,000 ಲೀಟರ್ ನೀರು ಅನ್ನುವ ಲೆಕ್ಕ ಇದೆ, ಅದರಲ್ಲಿ ಮಳೆ ನೀರೂ ಸೇರಿದೆ. ಲಿನನ್ ಅಗಸೆ ಗಿಡದ ನಾರು, ನೀರು ಕಮ್ಮಿ ಕೇಳುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ಸುಕ್ಕು ಕಂಡರೆ ಇಸ್ತ್ರಿ ಪೆಟ್ಟಿಗೆ ಹುಡುಕುವವರಿಗೆ ಅದು ಒಗ್ಗುವುದಿಲ್ಲ. ಬಿದಿರಿನ ಬಟ್ಟೆ ಅಂತ ಮೆತ್ತನೆಯ ಹಾಸಿಗೆ ಬಟ್ಟೆ ಬರುತ್ತದಲ್ಲ, ಹೆಚ್ಚಿನದು ವಿಸ್ಕೋಸ್, ಅಂದರೆ ಒಂದು ಬಗೆಯ ರೇಯಾನ್. ಬಿದಿರನ್ನು ಕಾರ್ಬನ್ ಡೈಸಲ್ಫೈಡ್‌ನಂಥ ರಾಸಾಯನಿಕದಲ್ಲಿ ಕರಗಿಸಿ ಎಳೆದ ದಾರ. ಅಮೆರಿಕದ ವ್ಯಾಪಾರ ಆಯೋಗ ಅದನ್ನು ರೇಯಾನ್ ಅಂತಲೇ ಬರೆಯಬೇಕು ಅನ್ನುತ್ತದೆ. ಲೇಬಲ್ ಓದುವಾಗ ಗಾಟ್ಸ್ ಮುದ್ರೆ ಮತ್ತು ಓಕೋ-ಟೆಕ್ಸ್ ಮುದ್ರೆಯನ್ನು ಒಂದೇ ಅಂದುಕೊಳ್ಳಬೇಡಿ. ಗಾಟ್ಸ್‌ನಲ್ಲಿ ‘ಆರ್ಗ್ಯಾನಿಕ್’ ಅಂತ ಹಾಕಲು ಶೇ 95ರಷ್ಟು ಸಾವಯವ ನಾರು ಇರಬೇಕು, ತಯಾರಿಕೆಗೂ ನಿಯಮಗಳಿವೆ. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಹೇಳುವುದು ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಮಿತಿ ಮೀರಿಲ್ಲ ಅಂತ ಮಾತ್ರ. ಪಾಲಿಯೆಸ್ಟರಿಗೂ ಅದು ಸಿಗುತ್ತದೆ.

ದೀಪಕ್ಕೆ ಎಲ್‌ಇಡಿ ಅನ್ನುವುದರಲ್ಲಿ ಎರಡು ಮಾತಿಲ್ಲ, ಹಳೇ 60 ವ್ಯಾಟಿನ ಬೆಳಕನ್ನು 9 ವ್ಯಾಟ್ ಕೊಡುತ್ತದೆ. ಆರಿಸುವಾಗ 2700 ಕೆಲ್ವಿನ್ (ಬೆಚ್ಚಗಿನ ಹಳದಿ ಬೆಳಕು) ಮತ್ತು ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕಿ) 90 ದಾಟಿದ್ದು ನೋಡಿ, ಇಲ್ಲದಿದ್ದರೆ ಅಷ್ಟು ಕಷ್ಟಪಟ್ಟು ಮಾಡಿದ ಮಣ್ಣಿನ ಗೋಡೆ ರಾತ್ರಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇಲ್ಲೂ ನನ್ನ ಹಳೇ ಪ್ರಶ್ನೆಯೇ: ಬಲ್ಬು ಬಿಚ್ಚಬಹುದಾ? ಒಳಗೇ ಸೇರಿಸಿ ಮುಚ್ಚಿದ ಫಿಟಿಂಗ್ ಕೆಟ್ಟರೆ ಇಡೀ ದೀಪವೇ ಕಸ.

ಗಿಡ ಇಡಿ, ಚೆಂದಕ್ಕೆ ಇಡಿ. ಗಾಳಿ ಶುದ್ಧಿಗೆ ಅಂತ ಇಡಬೇಡಿ. ಗಿಡ ಗಾಳಿ ಶುದ್ಧ ಮಾಡುತ್ತದೆ ಅನ್ನುವವರು ಹೇಳುವ 1989ರ ನಾಸಾ ಪ್ರಯೋಗ ನಡೆದಿದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ. ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು 2019ರಲ್ಲಿ ಅಂಥ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ಲೆಕ್ಕ ಹಾಕಿದರು. ಮಾಮೂಲಿ ಕಟ್ಟಡದಲ್ಲಿ ಗಾಳಿ ಬಂದು ಹೋಗುವಷ್ಟೇ ಕೆಲಸವನ್ನು ಗಿಡ ಮಾಡಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ. ಕಿಟಕಿ ತೆಗೆಯುವುದು ಸುಲಭ ಅಲ್ವಾ?

ಯಾರಿಗೆ ಯಾವುದು

ಬಾಡಿಗೆ ಮನೆಯಾದರೆ ಗೋಡೆ ಮತ್ತು ನೆಲಕ್ಕೆ ದುಡ್ಡು ಹಾಕಬೇಡಿ. ನಿಮ್ಮ ಜೊತೆ ಬರುವಂಥವಕ್ಕೆ ಹಾಕಿ: ಬಿಚ್ಚಿ ಜೋಡಿಸುವ ಗಟ್ಟಿ ಮರದ ಕಪಾಟು, ಬೆತ್ತದ ಒಂದು ಕುರ್ಚಿ, ಲಿನನ್ ಪರದೆ, ಒಳ್ಳೆಯ ಎರಡು ದೀಪ. ಪುಟ್ಟ ಮಕ್ಕಳಿದ್ದರೆ ಎಲ್ಲಕ್ಕಿಂತ ಮೊದಲು ಬೋರ್ಡಿನ ದರ್ಜೆ ಮತ್ತು ಬಣ್ಣದ ವಿಒಸಿ, ಚೆಂದ ಆಮೇಲೆ. ಕೋಣೆ ಸಿದ್ಧ ಮಾಡಿ ಒಂದೆರಡು ತಿಂಗಳು ಗಾಳಿಗೆ ಬಿಟ್ಟು ಆಮೇಲೆ ಮಗುವನ್ನು ಮಲಗಿಸಿ. ತೇವ ಜಾಸ್ತಿ ಇರುವ ಮನೆಗೆ ಸುಣ್ಣ ಒಳ್ಳೆಯದು, ಅದರ ಕ್ಷಾರಕ್ಕೆ ಬೂಷ್ಟು ಬೇಗ ಹತ್ತುವುದಿಲ್ಲ. ಆದರೆ ಗೋಡೆಯೊಳಗಿಂದ ನೀರು ಜಿನುಗುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಸ್ವಂತ ಮನೆ, ಕೈಯಲ್ಲಿ ಸ್ವಲ್ಪ ಸಮಯ ಎರಡೂ ಇದ್ದರೆ ಒಂದೇ ಒಂದು ಗೋಡೆಗೆ ಜೇಡಿಮಣ್ಣು ಮೆತ್ತಿ ನೋಡಿ. ಹಾಸಿಗೆ ಇದ್ದಷ್ಟೇ ಕಾಲು ಚಾಚುವವರು ಮೇಜು ಉಜ್ಜಿ ಅಗಸೆ ಎಣ್ಣೆ ಹಚ್ಚಿ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಿಸಾಡಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಸೇರಿಕೊಂಡು ತಾನಾಗೇ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ, ಆಮೇಲೆ ಎಸೆಯಿರಿ.

ಕೊನೆಗೆ ನಾನು ಈಗ ಪ್ರತಿ ಸಲ ಮಾಡುವ ಒಂದು ಕೆಲಸ. ಕಪಾಟಾಗಲಿ, ನೆಲಹಾಸಾಗಲಿ, ರಗ್ಗಾಗಲಿ, ಆರ್ಡರ್ ಕೊಡುವ ಮೊದಲು ಬೆಂಕಿಪೊಟ್ಟಣದಷ್ಟು ಒಂದು ಸ್ಯಾಂಪಲ್ ತುಂಡು ಕೇಳಿ ತರುತ್ತೇನೆ. ತೊಳೆದು ಒಣಗಿಸಿದ ಗಾಜಿನ ಜಾಡಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ದಿನ ಇಡುತ್ತೇನೆ. ಮಾರನೇ ದಿನ ಮುಚ್ಚಳ ತೆಗೆದು ಮೂಗು ಹತ್ತಿರ ತರುತ್ತೇನೆ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಪಾಸಾಯಿತು ಅಂತಲ್ಲ, ಕಮ್ಮಿ ಪ್ರಮಾಣದ ಫಾರ್ಮಾಲ್ಡಿಹೈಡ್ ಮೂಗಿಗೆ ಗೊತ್ತಾಗುವುದಿಲ್ಲ, ಅದಕ್ಕೆ ದರ್ಜೆಯ ಕಾಗದ ನೋಡಲೇಬೇಕು. ಆದರೆ ತಲೆ ಹಿಂದಕ್ಕೆ ಹೋಯಿತು ಅಂದರೆ ಕಾಗದದಲ್ಲಿ ಏನೇ ಬರೆದಿರಲಿ, ಅದು ನಮ್ಮ ಮನೆಗೆ ಬರುವುದಿಲ್ಲ. ಬಿದಿರಿನ ಕಪಾಟಿನದೂ ಒಂದು ತುಂಡು ಕೊರೆದು ಹಾಗೇ ಜಾಡಿಗೆ ಹಾಕಿದ್ದೆ. ಆ ಜಾಡಿಯನ್ನು ಆಮೇಲೆ ಯಾವುದಕ್ಕೂ ಬಳಸಲಾಗಲಿಲ್ಲ.